ಕಳೆ, ಹಿಂಡಿ, ಬೂದಿ: ತರಕಾರಿ ಗಿಡಕ್ಕೆ ಮನೆಯಲ್ಲೇ ಗೊಬ್ಬರದ ನೀರು ಮಾಡುವುದು ಹೇಗೆ?

ಗಿಡದ ಎಲೆ ಒಂಚೂರು ಹಳದಿಯಾದರೆ ಸಾಕು, ಕೈಗೆ ಸಿಕ್ಕ ಸಿಪ್ಪೆಯನ್ನೆಲ್ಲ ನೀರಲ್ಲಿ ನೆನೆಸಿ ಬುಡಕ್ಕೆ ಸುರಿಯುವವರು ತುಂಬಾ ಜನ. ಮನೆಯಲ್ಲಿ ಮಾಡುವ ಗೊಬ್ಬರದ ನೀರಲ್ಲಿ ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. ಕೆಲವು ಬರೀ ಬಣ್ಣದ ನೀರು. ಇನ್ನು ಕೆಲವನ್ನು ಗಟ್ಟಿಯಾಗಿ ಹಾಕಿದರೆ ಬೇರೇ ಸುಟ್ಟುಹೋಗುತ್ತದೆ.

ಮೊದಲೇ ಒಂದು ಮಾತು. ನೆಲದ ಪಾತಿಯಲ್ಲಿ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ್ದರೆ ಎಷ್ಟೋ ಸಲ ಈ ನೀರಿನ ಅಗತ್ಯವೇ ಬರುವುದಿಲ್ಲ. ಇದು ಹೆಚ್ಚಾಗಿ ಬೇಕಾಗುವುದು ಕುಂಡದ ಗಿಡಗಳಿಗೆ. ಯಾಕೆಂದರೆ ಕುಂಡದಲ್ಲಿ ಮಣ್ಣು ಕಡಿಮೆ, ದಿನಾ ನೀರು ಹಾಕುತ್ತೇವೆ, ಆ ನೀರು ತಳದ ತೂತಿನಿಂದ ಹೋಗುವಾಗ ಸಾರವನ್ನೂ ಸ್ವಲ್ಪ ಸ್ವಲ್ಪ ಎಳೆದುಕೊಂಡೇ ಹೋಗುತ್ತದೆ.

ಮೊದಲು ಗಿಡ ನೋಡಿ

ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿ, ಗಿಡ ಬೆಳೆಯದೆ ನಿಂತಿದ್ದರೆ ಸಾರಜನಕ ಸಾಲುತ್ತಿಲ್ಲ ಅನ್ನಬಹುದು. ಹಳೆಯ ಎಲೆಗಳ ಅಂಚು ಮಾತ್ರ ಕಂದು ತಿರುಗಿ ಸುಟ್ಟ ಹಾಗಿದ್ದರೆ ಪೊಟ್ಯಾಷ್ ಕೊರತೆ ಇರಬಹುದು. ತುದಿಯ ಎಳೆ ಎಲೆ ಹಳದಿ, ಅದರ ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣು ಕ್ಷಾರವಾಗಿದ್ದರೆ, ಕಬ್ಬಿಣ ಮಣ್ಣಲ್ಲಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಬುಡದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿದರೂ ಎಲೆ ಹಳದಿಯಾಗುತ್ತದೆ, ಅದಕ್ಕೆ ಯಾವ ಗೊಬ್ಬರವೂ ಔಷಧಿಯಲ್ಲ. ಹಾಗಾಗಿ ಮೊದಲು ಬೆರಳು ಹಾಕಿ ಮಣ್ಣು ಮುಟ್ಟಿ ನೋಡಿ.

ಕಳೆಯ ನೀರು

ನನ್ನ ಪ್ರಕಾರ ಎಲ್ಲಕ್ಕಿಂತ ಸುಲಭ ಇದೇ, ಖರ್ಚೂ ಇಲ್ಲ. ಕಳೆ ಗಿಡಗಳು ಮಣ್ಣಿಂದ ಹೀರಿದ್ದನ್ನು ಮತ್ತೆ ಅದೇ ಮಣ್ಣಿಗೆ ಕೊಡುವ ದಾರಿ ಇದು.

ಮುಚ್ಚಳ ಇರುವ ಬಕೆಟ್ ತೆಗೆದುಕೊಳ್ಳಿ. ಹಸಿ ಕಳೆಯನ್ನು ಸಣ್ಣಗೆ ಕತ್ತರಿಸಿ ಹಾಕಿ, 1 ಕೆ.ಜಿ.ಗೆ ಸುಮಾರು 10 ಲೀಟರ್ ನೀರು ಸುರಿಯಿರಿ. ಮೆತ್ತಗಿನ, ರಸ ಇರುವ ಎಳೆ ಗಿಡಗಳಾದರೆ ಬೇಗ ಕೊಳೆಯುತ್ತವೆ. ಬೀಜ ಬಿಟ್ಟ ಕಳೆ ಬೇಡ, ಆಮೇಲೆ ಅದೇ ಬೀಜ ಪಾತಿಯಲ್ಲಿ ಮೊಳೆತು ನಿಮ್ಮನ್ನೇ ಕಾಡುತ್ತದೆ. ಗಿಡ ತೇಲದ ಹಾಗೆ ಮೇಲೊಂದು ಕಲ್ಲಿಡಿ. ಮುಚ್ಚಳವನ್ನು ಬಿಗಿಯಾಗಿ ಹಾಕಬೇಡಿ, ಒಳಗೆ ಗಾಳಿ ತುಂಬಿಕೊಂಡು ಉಬ್ಬುತ್ತದೆ. ಹಾಗಂತ ತೆರೆದಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಬಟ್ಟೆ ಕಟ್ಟಿ, ಅದರ ಮೇಲೆ ಸಡಿಲವಾಗಿ ಮುಚ್ಚಳ ಇಟ್ಟರೆ ಎರಡೂ ತಪ್ಪುತ್ತದೆ.

ಎರಡು ಮೂರು ವಾರ ನೆರಳಲ್ಲಿ ಬಿಡಿ. ಎರಡು ದಿನಕ್ಕೊಮ್ಮೆ ಕೋಲಿನಿಂದ ಕಲಕಿ. ವಾಸನೆ ಬರುತ್ತದೆ, ಸುಮ್ನೆ ಹೇಳುತ್ತಿಲ್ಲ, ನಿಜಕ್ಕೂ ಕೆಟ್ಟ ವಾಸನೆ! ಗಾಳಿ ಇಲ್ಲದೆ ಕೊಳೆಯುವುದರಿಂದ ಹಾಗಾಗುತ್ತದೆ. ಕಲಕಿದಷ್ಟೂ ಗಾಳಿ ಸೇರಿ ನಾತ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಕೆಟ್ಟನ್ನು ಕಿಟಕಿಯಿಂದ ದೂರ ಇಡುವುದೇ ಜಾಣತನ.

ಗಿಡ ಕರಗಿ ನೀರು ಕಪ್ಪಾದ ಮೇಲೆ ಸೋಸಿ. ಇದರ 1 ಪಾಲಿಗೆ 10 ಪಾಲು ನೀರು ಬೆರೆಸಿ. ಬೆರೆಸಿದ ಮೇಲೆ ಹಾಲಿಲ್ಲದ ತೆಳು ಚಹಾದ ಬಣ್ಣ ಬರಬೇಕು. ಅದಕ್ಕಿಂತ ಕಪ್ಪಾಗಿದ್ದರೆ ಇನ್ನಷ್ಟು ನೀರು ಸೇರಿಸಿ. ಯಾವ ಕಳೆ, ಎಷ್ಟು ಕಳೆ, ಎಷ್ಟು ದಿನ ಅನ್ನುವುದರ ಮೇಲೆ ಒಂದೊಂದು ಬಕೆಟ್ಟಿನ ಹದವೂ ಬೇರೆ, ಅದಕ್ಕೇ ಅಳತೆಯ ಜೊತೆಗೆ ಕಣ್ಣಿನ ಅಂದಾಜೂ ಬೇಕು.

ಹಿಂಡಿ ನೀರು

ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಸಾರಜನಕ ಚೆನ್ನಾಗಿದೆ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು 7 ಶೇಕಡಾ, ಬೇವಿನ ಹಿಂಡಿ ಮತ್ತು ಸಾಸಿವೆ ಹಿಂಡಿಯಲ್ಲಿ ಸುಮಾರು 5 ಶೇಕಡಾ. 100 ಗ್ರಾಂ ಹಿಂಡಿ ಪುಡಿ ಮಾಡಿ 1 ಲೀಟರ್ ನೀರಲ್ಲಿ ಮೂರು ನಾಲ್ಕು ದಿನ ನೆನೆಸಿ, ದಿನಕ್ಕೊಮ್ಮೆ ಕಲಕಿ. ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಹಾಕಿ. ಒಣ ಹಿಂಡಿಯನ್ನು ಹಾಗೇ ಕುಂಡದ ಮೇಲೆ ಉದುರಿಸಿದರೆ ಇರುವೆ, ಇಲಿ, ಬೂಷ್ಟು ಎಲ್ಲ ಒಟ್ಟಿಗೇ ಬರುತ್ತವೆ. ನೆನೆಸಿ ಹಾಕಿದರೆ ಆ ಕಾಟ ಕಡಿಮೆ.

ಸಗಣಿ ಮತ್ತು ಕಾಂಪೋಸ್ಟ್ ನೀರು

ಕಳಿತ ಕಾಂಪೋಸ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒಂದೆರಡು ದಿನ ನೀರಲ್ಲಿ ಇಳಿಬಿಟ್ಟರೆ ಕಾಂಪೋಸ್ಟ್ ನೀರು ಸಿದ್ಧ. ಸೌಮ್ಯವಾದದ್ದು, ಸಸಿಗಳಿಗೂ ನಡೆಯುತ್ತದೆ. ಇದಕ್ಕೆ ಬೆಲ್ಲ, ಸಕ್ಕರೆ ಪಾಕ ಏನಾದರೂ ಹಾಕಿ ಅಂತ ಹೇಳುವವರಿದ್ದಾರೆ. ಹಸಿಯಾಗಿ ತಿನ್ನುವ ತರಕಾರಿಗೆ ಬಳಸುವುದಾದರೆ ಬೇಡ. ಆ ಸಿಹಿಯಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳ ಜೊತೆ ರೋಗ ತರುವವೂ ಹೆಚ್ಚಬಹುದು.

ಹಸಿ ಸಗಣಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕದ ಸಾವಯವ ಕೃಷಿ ನಿಯಮದಲ್ಲಿ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಮಣ್ಣಿಗೆ ಸೇರಿಸಿ ಕೊಯ್ಲಿಗೆ 120 ದಿನ, ತಾಗದ ಬೆಳೆಗೆ 90 ದಿನ ಅಂತರ ಇರಬೇಕು. ಸೊಪ್ಪು ಒಂದು ತಿಂಗಳಲ್ಲೇ ಕೈಗೆ ಬರುತ್ತದೆ, ಅಷ್ಟು ದಿನ ಕಾಯುವುದು ಎಲ್ಲಿಂದ ಬಂತು? ಸೊಪ್ಪಿಗೆ ಕಳಿತ ಗೊಬ್ಬರದ ನೀರೇ ಸರಿ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಕೆಲವು ಕಳೆನಾಶಕಗಳು, ಉದಾಹರಣೆಗೆ ಅಮಿನೋಪೈರಾಲಿಡ್, ಹುಲ್ಲು ತಿಂದ ದನದ ಹೊಟ್ಟೆ ದಾಟಿ ಸಗಣಿಯಲ್ಲೂ ಉಳಿದುಬಿಡುತ್ತವೆ, ಟೊಮೆಟೊ ಮತ್ತು ಬೀನ್ಸ್ ಗಿಡಗಳ ಎಲೆಯನ್ನು ಮುದುಡಿಸುತ್ತವೆ. ಹೊರಗಿಂದ ತಂದ ಗೊಬ್ಬರವಾದರೆ ಮೊದಲು ಒಂದು ಕುಂಡದಲ್ಲಿ ನಾಲ್ಕು ಬೀನ್ಸ್ ಬೀಜ ಹಾಕಿ, ಎರಡು ಮೂರು ವಾರ ನೋಡಿ. ಎಲೆ ನೆಟ್ಟಗೆ ಬಂದರೆ ಬಳಸಿ.

ಬೂದಿ, ಸಿಪ್ಪೆ, ಮೊಟ್ಟೆ ಚಿಪ್ಪು

ಸೌದೆ ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶ ಇದೆ, ಸಾರಜನಕ ಸುಟ್ಟೇ ಹೋಗಿರುತ್ತದೆ. ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡವೇ ಬೇಡ. ಬೂದಿ ಕ್ಷಾರ, ಆದ್ದರಿಂದ ಹುಳಿ ಮಣ್ಣಿಗೆ ಮಾತ್ರ, ಅದೂ ಬಕೆಟ್ ನೀರಿಗೆ ಒಂದು ಹಿಡಿ ಸಾಕು. ಅದನ್ನು ಸಗಣಿ ನೀರು, ಹಿಂಡಿ ನೀರಿನ ಜೊತೆ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಆಮೇಲೆ ಉಳಿಯುವುದು ವಾಸನೆ ಮಾತ್ರ.

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿಗೆ ಇರುವಷ್ಟು ಹೆಸರು ಬೇರೆ ಯಾವುದಕ್ಕೂ ಇಲ್ಲ. ಸ್ವಲ್ಪ ಪೊಟ್ಯಾಷ್ ಬಿಡುತ್ತದೆ ನಿಜ, ಸಾರಜನಕ ಇಲ್ಲವೆಂದೇ ಹೇಳಬೇಕು. ಆ ಸಿಪ್ಪೆ ಕಾಂಪೋಸ್ಟಿಗೆ ಹೋದರೆ ಲಾಭ ಜಾಸ್ತಿ. ಮೊಟ್ಟೆ ಚಿಪ್ಪಿನ ಕಥೆ ಇನ್ನೂ ಮಜಾ. ಚಿಪ್ಪು ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್, ಬರೀ ನೀರಲ್ಲಿ ಅದು ಕರಗುವುದೇ ಇಲ್ಲ ಅನ್ನಬಹುದು. ಟೊಮೆಟೊ ಹಣ್ಣಿನ ತಳ ಕಪ್ಪಾದಾಗ ಎಲ್ಲರೂ ಚಿಪ್ಪಿನ ಕಡೆ ಓಡುತ್ತಾರೆ. ಆ ತೊಂದರೆಗೆ ಹೆಚ್ಚಿನ ಸಲ ಕಾರಣ ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸುವುದು. ನೀರು ಏರುಪೇರಾದರೆ ಮಣ್ಣಲ್ಲಿರುವ ಕ್ಯಾಲ್ಸಿಯಂ ಹಣ್ಣಿನ ತನಕ ತಲುಪುವುದಿಲ್ಲ. ಎಪ್ಸಮ್ ಸಾಲ್ಟ್ ಹಾಕುವವರೂ ಇದ್ದಾರೆ, ಅದರಲ್ಲಿರುವುದು ಮೆಗ್ನೀಸಿಯಂ, ಜಾಸ್ತಿಯಾದರೆ ಕ್ಯಾಲ್ಸಿಯಂ ಹೀರುವುದಕ್ಕೇ ಅಡ್ಡಿ.

ಹಾಕುವುದು ಹೇಗೆ, ಎಷ್ಟು

ಮಣ್ಣು ಒಣಗಿದ್ದಾಗ ಗೊಬ್ಬರದ ನೀರು ಹಾಕಲೇಬೇಡಿ. ಮೊದಲು ಬರೀ ನೀರು ಹಾಕಿ ಮಣ್ಣು ನೆನೆಸಿ, ಆಮೇಲೆ ಇದನ್ನು ಬುಡದ ಸುತ್ತ ಸುರಿಯಿರಿ. ಬಿಸಿಲು ಇಳಿದ ಮೇಲೆ ಅಥವಾ ಬೆಳಿಗ್ಗೆ ಹಾಕಿದರೆ ಒಳ್ಳೆಯದು. ಸೊಪ್ಪಿನ ಎಲೆ ಮೇಲೆ ಚಿಮುಕಿಸುವುದು ಬೇಡ, ತಿನ್ನುವುದು ಅದನ್ನೇ ಅಲ್ವಾ. ಕುಂಡದ ಗಿಡಕ್ಕೆ ಹತ್ತರಿಂದ ಹದಿನೈದು ದಿನಕ್ಕೊಮ್ಮೆ ಸಾಕು. ಒಂದೇ ಸಲ ಗಟ್ಟಿ ನೀರು ಕೊಡುವುದಕ್ಕಿಂತ ತೆಳುವಾಗಿ ಆಗಾಗ ಕೊಡುವುದು ಯಾವತ್ತೂ ಮೇಲು. ಎಲೆಯ ತುದಿ ಸುಡಲು ಶುರುವಾದರೆ ಕೂಡಲೇ ನಿಲ್ಲಿಸಿ, ಕುಂಡದ ತಳದಿಂದ ನೀರು ಚೆನ್ನಾಗಿ ಹರಿಯುವ ತನಕ ಬರೀ ನೀರು ಹಾಕಿ.

ಎಲ್ಲ ಗಿಡಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಸೊಪ್ಪಿಗೆ ಸಾರಜನಕ ಬೇಕು, ಹಿಂಡಿ ನೀರು ಧಾರಾಳವಾಗಿ ಕೊಡಬಹುದು. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಗಿಡ ಹಿಡಿಯುವ ತನಕ ಸ್ವಲ್ಪ ಕೊಟ್ಟು, ಹೂ ಶುರುವಾದ ಮೇಲೆ ಹಿಂಡಿ ನೀರು ಕಡಿಮೆ ಮಾಡಿ. ಇಲ್ಲದಿದ್ದರೆ ಆಳೆತ್ತರ ಹಸಿರು ಗಿಡ, ಕೈತುಂಬ ಸಸ್ಯಹೇನು, ಕಾಯಿ ಮಾತ್ರ ಕಾಣುವುದಿಲ್ಲ. ಮೂಲಂಗಿ, ಕ್ಯಾರೆಟ್ಟಿಗೂ ಜಾಸ್ತಿ ಕೊಟ್ಟರೆ ಎಲೆ ದೊಡ್ಡದು, ಗೆಡ್ಡೆ ಸಣ್ಣದು. ಬೀನ್ಸ್, ಬಟಾಣಿ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳೇ ಗಾಳಿಯಿಂದ ಸಾರಜನಕ ಹಿಡಿದು ಕೊಡುತ್ತವೆ, ಆ ಗಿಡಗಳಿಗೆ ಹಿಂಡಿ ನೀರು ಬೇಡ.

ನೀರು ಬೆರೆಸಿದ್ದನ್ನು ಅವತ್ತೇ ಮುಗಿಸಿ. ಬೆರೆಸದ ಕಳೆ ನೀರನ್ನು ಸಡಿಲ ಮುಚ್ಚಳ ಹಾಕಿ ನೆರಳಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಬಹುದು. ಸೋಸಿ ಉಳಿದ ಚರಟ ಕಾಂಪೋಸ್ಟ್ ಗುಂಡಿಗೆ ಹಾಕಿ.