ಬಾಟ್ಲಿ, ಡಬ್ಬ ಗುಜರಿಗೆ ತರುವ ಮೊದಲು

ಬಿಯರ್ ಬಾಟ್ಲಿ ಒಡೆಯಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಇಡೀ ಬಾಟ್ಲಿ ಆದರೆ ಒಂದಕ್ಕೆ ಇಷ್ಟು ಅಂತ ಎಣಿಸಿ ದುಡ್ಡು ಕೊಡುತ್ತೇವೆ. ಅದನ್ನು ಕರಗಿಸುವುದಿಲ್ಲ, ತೊಳೆದು ಮತ್ತೆ ತುಂಬುತ್ತಾರೆ. 650 ಎಂಎಲ್‌ನ ದೊಡ್ಡ ಬಾಟ್ಲಿಗೆ ಯಾವಾಗಲೂ ಗಿರಾಕಿ ಇದೆ. ಅದರ ಬಾಯಿ ಹತ್ತಿರ ಒಂದು ಚಕ್ಕೆ ಎದ್ದರೂ ಮುಗಿಯಿತು, ಗಾಜಿನ ಚೂರಿನ ಲೆಕ್ಕಕ್ಕೆ ಬೀಳುತ್ತದೆ. ಚೂರಿಗೆ ತೂಕ ಜಾಸ್ತಿ, ದುಡ್ಡು ಕಡಿಮೆ. ಸಾಗಿಸುವ ಆಟೋ ಬಾಡಿಗೆಗೂ ಸಾಲುವುದಿಲ್ಲ. ಎಷ್ಟೋ ಅಂಗಡಿಯವರು ಗಾಜು ಬೇಡವೇ ಬೇಡ ಅನ್ನುವುದು ಇದಕ್ಕೇ.

ನಮ್ಮದು ಬೆಂಗಳೂರಲ್ಲಿ, ಮೈಸೂರು ರಸ್ತೆ ಕಡೆ, ಒಂದು ಸಣ್ಣ ಗುಜರಿ ಅಂಗಡಿ. ನಮ್ಮ ಮಾವ ತಳ್ಳುಗಾಡಿ ಇಟ್ಟುಕೊಂಡು ‘ಹಳೇ ಪೇಪರ್, ಖಾಲಿ ಸೀಸ’ ಅಂತ ಕೂಗುತ್ತಾ ಶುರು ಮಾಡಿದ್ದು. ಈಗ ಅಂಗಡಿ ನೋಡಿಕೊಳ್ಳುವುದು ನಾನು. ‘ಅಕ್ಕ, ಇದು ತಗೋತೀರಾ?’ ಅಂತ ಕೇಳುವವರಿಗೆ ದಿನಾ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ವಿಸ್ಕಿ, ಬ್ರಾಂದಿ ಬಾಟ್ಲಿಯನ್ನು ಕೆಲವರು ಬೇಕಂತಲೇ ಒಡೆದು ತರುತ್ತಾರೆ. ಯಾರಾದರೂ ನಕಲಿ ಮಾಲು ತುಂಬಿ ಮಾರಿಯಾರು ಅನ್ನೋ ಹೆದರಿಕೆ. ಹೆದರಿಕೆ ಸರಿಯಾದದ್ದೇ. ಆದರೆ ಅದಕ್ಕೆ ಲೇಬಲ್ ಕಿತ್ತರೆ ಸಾಕು. ಕೀಳಲು ಬರದಿದ್ದರೆ ಮೊಳೆಯಲ್ಲಿ ಗೀರಿ ಹಾಳು ಮಾಡಿ, ಮುಚ್ಚಳ ತೆಗೆದು ಬೇರೆ ಇಡಿ.

ಜಾಮ್, ಉಪ್ಪಿನಕಾಯಿ ಬಾಟ್ಲಿಗಳನ್ನು ನನಗೆ ತರುವ ಮೊದಲು ಮನೆಯಲ್ಲೇ ಇಟ್ಟುಕೊಳ್ಳಿ ಅನ್ನುತ್ತೇನೆ. ಮೆಂತ್ಯ, ಸಾಸಿವೆ, ಹುಣಸೆಹಣ್ಣಿಗೆ ಅದಕ್ಕಿಂತ ಒಳ್ಳೇ ಡಬ್ಬ ಸಿಗುತ್ತಾ? ಬೇಡ ಅನಿಸಿದರೆ ತಗಡಿನ ಮುಚ್ಚಳ ತೆಗೆದು ತನ್ನಿ. ಬಿಳಿ, ಕಂದು, ಹಸಿರು ಬೇರೆ ಬೇರೆ ಇದ್ದರೆ ಇನ್ನೂ ಒಳ್ಳೇದು. ಬಿಳಿ ಗಾಜಿಗೆ ಕಂದು ಸೇರಿದರೆ ಕರಗಿಸಿದಾಗ ಬಣ್ಣ ಕೆಡುತ್ತದೆ. ಗಾಜಿನ ಒಂದು ಒಳ್ಳೇ ಗುಣ ಏನೆಂದರೆ, ಎಷ್ಟು ಸಲ ಕರಗಿಸಿದರೂ ಅದು ಗಾಜೇ. ಹಳೇ ಚೂರು ಹಾಕಿದಷ್ಟೂ ಕುಲುಮೆಗೆ ಉರಿ ಕಡಿಮೆ ಸಾಕು.

ಆದರೆ ಫಳಫಳ ಅನ್ನುವುದೆಲ್ಲ ಬಾಟ್ಲಿ ಗಾಜಲ್ಲ. ಕನ್ನಡಿ, ಕಿಟಕಿ ಗಾಜು, ಓವನ್‌ನಲ್ಲಿ ಇಡುವ ಗಟ್ಟಿ ಪಾತ್ರೆ ಇವನ್ನು ಬಾಟ್ಲಿ ಜೊತೆ ಸೇರಿಸಬೇಡಿ. ಓವನ್ ಪಾತ್ರೆ ಕರಗಲು ಕೇಳುವ ಕಾವೇ ಬೇರೆ. ಒಡೆದ ಪಿಂಗಾಣಿ ಕಪ್ಪು ಅಂತೂ ಕರಗುವುದೇ ಇಲ್ಲ. ಅದರ ಚೂರು ಹೊಸ ಬಾಟ್ಲಿಯೊಳಗೆ ಅನ್ನದಲ್ಲಿನ ಕಲ್ಲಿನ ಹಾಗೆ ಉಳಿದುಬಿಡುತ್ತದೆ, ಬಾಟ್ಲಿ ಅಲ್ಲೇ ಸೀಳುತ್ತದೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ. ಅವನ್ನು ಒಡೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಮನೆಯಲ್ಲಿ ಲೋಟವೋ ಬಾಟ್ಲಿಯೋ ಒಡೆದರೆ ಪ್ಲಾಸ್ಟಿಕ್ ಕವರಿಗೆ ಸುರಿದು ಗಂಟು ಹಾಕಬೇಡಿ. ಕವರು ಹರಿದು ಪೌರಕಾರ್ಮಿಕರ ಕೈ ಸೀಳುತ್ತದೆ. ದಪ್ಪಗೆ ಪೇಪರ್ ಸುತ್ತಿ, ಒಂದು ರಟ್ಟಿನ ಡಬ್ಬಕ್ಕೆ ಹಾಕಿ, ಟೇಪ್ ಅಂಟಿಸಿ, ಮೇಲೆ ದಪ್ಪ ಅಕ್ಷರದಲ್ಲಿ ‘ಗಾಜು’ ಅಂತ ಬರೆಯಿರಿ. ಗಾಡಿಯವರಿಗೆ ಕೊಡುವಾಗ ಬಾಯಿಬಿಟ್ಟು ಹೇಳಿ.

ಊಟಿಗೆ ಹೋದವರು ನೋಡಿರಬಹುದು. ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ 2022ರಿಂದ ಬಾಟ್ಲಿಗೆ 10 ರೂಪಾಯಿ ಹೆಚ್ಚಿಗೆ ತಗೊಂಡು, ಖಾಲಿ ಬಾಟ್ಲಿ ವಾಪಸ್ ತಂದರೆ ಆ ದುಡ್ಡು ಕೊಡುತ್ತಾರೆ. ಕಾಡಿನಲ್ಲಿ ಬಿಸಾಕಿದ ಬಾಟ್ಲಿಯಿಂದ ಪ್ರಾಣಿಗಳಿಗೆ ಗಾಯ ಆಗುತ್ತದೆ ಅಂತ ಮದ್ರಾಸ್ ಹೈಕೋರ್ಟ್ ಗಟ್ಟಿಯಾಗಿ ಕೇಳಿದ ಮೇಲೆ ಬಂದದ್ದು ಅದು. ನಮ್ಮ ಕಡೆಯೂ ಹಾಗೆ ಮಾಡಿದರೆ ಗಾಜು ಬೇಡ ಅನ್ನುವ ಅಂಗಡಿ ಒಂದೂ ಇರುವುದಿಲ್ಲ.

ಇನ್ನು ಪ್ಲಾಸ್ಟಿಕ್. ಇಲ್ಲಿ ಜಾತಿ ನೋಡಲೇಬೇಕು, ತಪ್ಪಿಲ್ಲ. ಡಬ್ಬ ತಿರುಗಿಸಿದರೆ ತಳದಲ್ಲಿ ಒಂದು ತ್ರಿಕೋನ, ಅದರೊಳಗೆ ಒಂದು ನಂಬರ್ ಇರುತ್ತದೆ. 1 ಅಂದರೆ ಪೆಟ್: ನೀರಿನ ಬಾಟ್ಲಿ, ಜ್ಯೂಸ್ ಬಾಟ್ಲಿ. 2 ಅಂದರೆ ಎಚ್‌ಡಿ: ಶಾಂಪೂ, ಫಿನಾಯಿಲ್, ಐದು ಲೀಟರ್ ಎಣ್ಣೆ ಕ್ಯಾನು. 5 ಅಂದರೆ ಪಿಪಿ: ಹೋಟೆಲ್ ಪಾರ್ಸೆಲ್ ಡಬ್ಬ, ಐಸ್‌ಕ್ರೀಮ್ ಡಬ್ಬ. ಈ ಮೂರನ್ನು ಬೇರೆ ಬೇರೆ ಚೀಲದಲ್ಲಿ ತಂದರೆ ಮೂರಕ್ಕೂ ಅದರದರ ರೇಟ್. ಎಲ್ಲ ಒಂದೇ ಚೀಲಕ್ಕೆ ತುಂಬಿದರೆ ಮಿಕ್ಸ್ ರೇಟ್, ಅಷ್ಟೇ. ಬೇರ್ಪಡಿಸಲು ಕೂರುವ ಹೆಂಗಸರ ಕೂಲಿ ನಾನು ಎಲ್ಲಿಂದ ತರಲಿ?

ನಂಬರ್ ಅಳಿಸಿಹೋಗಿದ್ದರೆ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ. ಪೆಟ್ ಮುಳುಗುತ್ತದೆ. ಎಚ್‌ಡಿ, ಪಿಪಿ ತೇಲುತ್ತವೆ. ನಾಯಂಡಹಳ್ಳಿಯಲ್ಲಿ ಪ್ಲಾಸ್ಟಿಕ್ ಪುಡಿ ಮಾಡುವವರು ದೊಡ್ಡ ತೊಟ್ಟಿಯಲ್ಲಿ ಮಾಡುವುದೂ ಇದನ್ನೇ. ಪುಡಿ ಮಾಡಿದ ಬಾಟ್ಲಿ ಕೆಳಗೆ ಕೂರುತ್ತದೆ, ಮುಚ್ಚಳದ ಪುಡಿ ಮೇಲೆ ಬರುತ್ತದೆ. ಹಾಗಾಗಿ ನೀರಿನ ಬಾಟ್ಲಿಯ ಮುಚ್ಚಳ ಕಿತ್ತು ಬೇರೆ ಇಡುವ ಕಷ್ಟ ನಿಮಗೆ ಬೇಡ. ಒಳಗಿನ ನೀರು ಪೂರ್ತಿ ಚೆಲ್ಲಿ, ಚಪ್ಪಟೆ ಹಿಸುಕಿ, ಮುಚ್ಚಳ ತಿರುಗಿಸಿಬಿಡಿ. ಮತ್ತೆ ಉಬ್ಬುವುದಿಲ್ಲ, ಚೀಲಕ್ಕೆ ಜಾಸ್ತಿ ಹಿಡಿಯುತ್ತದೆ. ಪೆಟ್ ಪುಡಿ ಆಮೇಲೆ ದಾರ ಆಗುತ್ತದೆ, ದಿಂಬಿನ ಹತ್ತಿಯ ಹಾಗೆ ತುಂಬುವ ಮಾಲು ಆಗುತ್ತದೆ. ಎಚ್‌ಡಿ, ಪಿಪಿ ಬಕೆಟ್ಟು, ಮಗ್ಗು, ಹೂಕುಂಡ ಆಗುತ್ತವೆ.

3ನೇ ನಂಬರ್ ಪಿವಿಸಿ. ಹಳೇ ಪೈಪಿನ ತುಂಡು ತಪ್ಪಿಯೂ ಪೆಟ್ ಜೊತೆ ಹಾಕಬೇಡಿ. ಅದೂ ನೀರಲ್ಲಿ ಮುಳುಗುತ್ತದೆ, ತೊಟ್ಟಿಯಲ್ಲಿ ಸಿಕ್ಕಿಬೀಳುವುದಿಲ್ಲ, ಕರಗಿಸುವಾಗ ಇಡೀ ಮಾಲು ಕೆಡಿಸುತ್ತದೆ. 6ನೇ ನಂಬರಿನ ಚಮಚ, ಥರ್ಮಕೋಲ್ ನಾನು ತೆಗೆದುಕೊಳ್ಳುವುದಿಲ್ಲ. ಚಿಪ್ಸ್ ಪೊಟ್ಟಣವೂ ಅಷ್ಟೇ, ಅದನ್ನು ಒಣ ಕಸಕ್ಕೆ ಹಾಕಿ. ಕಪ್ಪು ಪಾರ್ಸೆಲ್ ಡಬ್ಬ ತಗೋತೇನೆ, ಆದರೆ ಕಪ್ಪಿನಿಂದ ಕಪ್ಪೇ ಆಗುವುದು, ರೇಟ್ ಕಡಿಮೆ.

ಹಾಲಿನ ಕವರ್ ಒಳ್ಳೇ ಮಾಲು. ತುದಿಯನ್ನು ಪೂರ್ತಿ ಕತ್ತರಿಸಬೇಡಿ, ಸ್ವಲ್ಪ ಅಂಟಿಕೊಂಡೇ ಇರಲಿ. ಕತ್ತರಿಸಿ ಬಿಟ್ಟರೆ ಆ ಸಣ್ಣ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ.

ತೊಳೆಯುವ ವಿಷಯಕ್ಕೆ ಬಂದರೆ, ಕಾವೇರಿ ನೀರು ಸುರಿದು ಫಳಫಳ ಮಾಡುವ ಅಗತ್ಯವಿಲ್ಲ. ಪಾತ್ರೆ ತೊಳೆದ ಕೊನೆಯ ನೀರಲ್ಲಿ ಒಂದು ಸಲ ಕುಲುಕಿದರೆ ಸಾಕು. ಎಣ್ಣೆ ಬಾಟ್ಲಿಗೆ ಒಂದು ಚಮಚ ಸೀಗೆಪುಡಿ, ಉಗುರು ಬೆಚ್ಚಗಿನ ನೀರು. ಕುದಿಯುವ ನೀರು ಹಾಕಿದರೆ ಪೆಟ್ ಬಾಟ್ಲಿ ಮುದುಡಿಕೊಳ್ಳುತ್ತದೆ. ತೊಳೆದದ್ದಕ್ಕಿಂತ ಒಣಗಿದ್ದು ಮುಖ್ಯ. ಒದ್ದೆ ಡಬ್ಬ ಚೀಲದಲ್ಲಿ ನಾಲ್ಕು ದಿನ ಇದ್ದರೆ ನಾತ, ಜಿರಳೆ, ಜೊತೆಗೆ ನೀರಿನ ತೂಕ ಕಳೆದು ಕೊಡುತ್ತೇವೆ ಅಂತ ನನ್ನ ಮೇಲೆ ಜಗಳ. ರಾತ್ರಿ ಬೋರಲು ಹಾಕಿ, ಬೆಳಿಗ್ಗೆ ಚೀಲಕ್ಕೆ ಹಾಕಿ. ತಾರಸಿ ಮೇಲೆ ಬಾಯಿ ತೆರೆದು ಮಾತ್ರ ಇಡಬೇಡಿ. ಒಂದು ಮಳೆ ಬಂದು ನಿಂತರೆ ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು.

ಹಳ್ಳಿಯಿಂದ ಬರುವ, ಬೆಳೆಗೆ ಹೊಡೆಯುವ ಔಷಧಿಯ ಕ್ಯಾನಿನ ಬಗ್ಗೆ ಒಂದು ಮಾತು. ಅದನ್ನು ತೊಳೆದು ನೀರಿಗೋ ಎಣ್ಣೆಗೋ ಇಟ್ಟುಕೊಳ್ಳುವವರು ಇನ್ನೂ ಇದ್ದಾರೆ. ಬೇಡ. ಮೂರು ಸಲ ಕುಲುಕಿ ತೊಳೆದು, ಆ ನೀರನ್ನು ಔಷಧಿ ಟ್ಯಾಂಕಿಗೇ ಸುರಿದು, ಕ್ಯಾನಿಗೆ ತೂತು ಮಾಡಿ. ನಾನು ಅದನ್ನು ಬೇರೆ ಮಾಲಿನ ಜೊತೆ ಸೇರಿಸುವುದಿಲ್ಲ, ಮುಚ್ಚಿಟ್ಟು ತರಬೇಡಿ, ಹೇಳಿಯೇ ತನ್ನಿ. ಸಿರಿಂಜು, ಸೂಜಿ ಚೀಲದಲ್ಲಿ ಬಂದರೆ ಇಡೀ ಚೀಲ ವಾಪಸ್.

ಹೋದ ತಿಂಗಳ ರೇಟ್ ಈ ತಿಂಗಳು ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಕಚ್ಚಾ ತೈಲದ ಬೆಲೆ ಇಳಿದರೆ ಹೊಸ ಪ್ಲಾಸ್ಟಿಕ್ಕೇ ಅಗ್ಗ ಆಗುತ್ತದೆ, ಆಗ ಹಳೇದನ್ನು ಯಾರು ಕೇಳುತ್ತಾರೆ? ಅದು ನನ್ನ ಕೈಯಲ್ಲಿಲ್ಲ. ತೂಕ ನನ್ನ ಕೈಯಲ್ಲಿದೆ. ಚೀಲ ಇಡುವ ಮೊದಲು ಮಷೀನು ಸೊನ್ನೆ ತೋರಿಸುತ್ತಾ ನೋಡಿ, ಯಾವ ಅಂಗಡಿಯಾದರೂ ಸರಿ, ಸಂಕೋಚ ಬೇಡ. ಮಾರುವುದು ಬೇಡ ಅನ್ನುವವರು ವಾರ್ಡಿನ ಒಣ ಕಸ ಕೇಂದ್ರಕ್ಕೆ ಕೊಡಬಹುದು. ಅಂಥ ಎಷ್ಟೋ ಕೇಂದ್ರಗಳನ್ನು ನಡೆಸುವವರು ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ.

ನಮ್ಮ ಅಂಗಡಿಗೇ ಬರುವುದಾದರೆ ಭಾನುವಾರ ಬೆಳಿಗ್ಗೆ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ವಾರದ ಮಧ್ಯೆ, ಮಧ್ಯಾಹ್ನ ಮೂರರ ಮೇಲೆ ಬನ್ನಿ. ಬಾಟ್ಲಿಗಳನ್ನು ರಟ್ಟಿನ ಡಬ್ಬದಲ್ಲಿ ನಿಲ್ಲಿಸಿಕೊಂಡು ತನ್ನಿ, ಡಬ್ಬ ವಾಪಸ್ ಕೊಡುತ್ತೇನೆ.