ಮೊದಲು ವಾಲ್ಯೂಮ್ ಸರಿಮಾಡಿ, ಆಮೇಲೆ ಹೆಡ್‌ಫೋನ್ ಕೇಳಿ

ರಾತ್ರಿ ಊಟ ಆದ ಮೇಲೆ ಹಳೇ ಸಂಗೀತ ಕಚೇರಿಗಳ ರೆಕಾರ್ಡಿಂಗ್ ಕೇಳೋದು ನನ್ನ ಅಭ್ಯಾಸ. ಅದಕ್ಕಾಗಿ 10ರಿಂದ 20 ಸಾವಿರದೊಳಗೆ ಒಂದು ಹೆಡ್‌ಫೋನ್ ಬೇಕಿತ್ತು. ಮನೆಯಲ್ಲೇ ಕೂತು ಕೇಳುವವನಿಗೆ ಬ್ಲೂಟೂತ್ ಯಾಕೆ ಅಂತ ವೈರ್ ಇರುವುದನ್ನೇ ಹುಡುಕಿದೆ. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಮೂರು: ಆಡಿಯೋ-ಟೆಕ್ನಿಕಾ ಎಂ50ಎಕ್ಸ್, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, ಸೆನ್‌ಹೈಸರ್ ಎಚ್‌ಡಿ 560ಎಸ್. ಮೊದಲೆರಡು ಕ್ಲೋಸ್ಡ್ ಬ್ಯಾಕ್, ಹಿಂಬದಿ ಮುಚ್ಚಿರುತ್ತೆ. ಮೂರನೆಯದು ಓಪನ್ ಬ್ಯಾಕ್. ಅದರ ಹಿಂಬದಿಯಲ್ಲಿ ಜಾಲರಿ ಇರೋದರಿಂದ ಒಳಗಿನ ಸದ್ದು ಹೊರಗೆ, ಹೊರಗಿನದು ಒಳಗೆ.

ಬೆಂಗಳೂರಿನಲ್ಲಿ ಹಾಕಿಕೊಂಡು ಕೇಳಲು ಬಿಡುವ ಅಂಗಡಿಗಳಿವೆ. ಫೋನ್ ಮಾಡಿ ಕೇಳಿಕೊಂಡು, ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೆ ಹೋದೆ. ಸಂಜೆಯ ಗದ್ದಲದಲ್ಲಿ ಓಪನ್ ಬ್ಯಾಕ್ ಕೇಳಿ ಪ್ರಯೋಜನವಿಲ್ಲ. ಲ್ಯಾಪ್‌ಟಾಪ್ ಮತ್ತು ಅದಕ್ಕೂ ಹೆಡ್‌ಫೋನಿಗೂ ನಡುವೆ ಹಾಕಲು ಮನೆಯಲ್ಲಿ ಬಳಸುವ ಪುಟ್ಟ ಡಾಂಗಲ್ ನನ್ನದೇ ಒಯ್ದಿದ್ದೆ. ಅಂಗಡಿಯ ದೊಡ್ಡ ಆಂಪ್ಲಿಫೈಯರ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತೆ, ಆದರೆ ಆ ಆಂಪ್ಲಿಫೈಯರ್ ನನ್ನ ಮನೆಗೆ ಬರಲ್ಲ ಅಲ್ವಾ? ಈಕ್ವಲೈಜರ್, ಸರೌಂಡ್ ಇತ್ಯಾದಿ ಎಲ್ಲ ಆಫ್ ಮಾಡಿಟ್ಟೆ.

'ಬೇಸ್ ಸಖತ್ತಾಗಿದೆ ಸಾರ್, ಕೇಳಿ' ಅಂತ ಅಂಗಡಿ ಹುಡುಗ ಮೊದಲು ಕೊಟ್ಟಿದ್ದು ಎಂ50ಎಕ್ಸ್. ವಾಲ್ಯೂಮ್ ಮುಟ್ಟದೆ ಡಿಟಿ 770ಕ್ಕೆ ಬದಲಾಯಿಸಿದರೆ ಅದು ಸಪ್ಪೆ. ಇಷ್ಟಕ್ಕೇ ತೀರ್ಪು ಕೊಟ್ಟುಬಿಡುವವರೇ ಜಾಸ್ತಿ. ಆದರೆ ಇದರಲ್ಲಿ ದನಿಯ ಗುಣಕ್ಕಿಂತ ಲೆಕ್ಕದ ಪಾತ್ರವೇ ದೊಡ್ಡದು. ಎಂ50ಎಕ್ಸ್ 38 ಓಮ್‌ನದು (ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಒಂದು ಮಿಲಿವ್ಯಾಟ್ ಪವರ್‌ಗೆ 99 ಡೆಸಿಬೆಲ್ ಸದ್ದು ಕೊಡುತ್ತೆ. ನಾನು ಕೇಳಿದ ಡಿಟಿ 770, 80 ಓಮ್‌ನದು, 96 ಡೆಸಿಬೆಲ್. ಕಾಗದದ ಮೇಲೆ ವ್ಯತ್ಯಾಸ ಬರೀ 3. ಆದರೆ ವಾಲ್ಯೂಮ್ ಏರಿಸಿದಾಗ ಏರುವುದು ವೋಲ್ಟೇಜ್. ಅಷ್ಟೇ ವೋಲ್ಟೇಜಿಗೆ ಓಮ್ ಕಡಿಮೆ ಇರುವುದು ಜಾಸ್ತಿ ಪವರ್ ಎಳೆದುಕೊಳ್ಳುತ್ತೆ. ಅದನ್ನೂ ಸೇರಿಸಿದರೆ ಅಂತರ ಸುಮಾರು 6 ಡೆಸಿಬೆಲ್ ಆಗುತ್ತೆ. ಸೆನ್‌ಹೈಸರ್‌ನವರು ನೇರವಾಗಿ ಒಂದು ವೋಲ್ಟ್‌ಗೆ 110 ಡೆಸಿಬೆಲ್ ಅಂತಲೇ ಬರೆಯುತ್ತಾರೆ. ಅದೇ ಒಂದು ವೋಲ್ಟ್ ಲೆಕ್ಕಕ್ಕೆ ಎಂ50ಎಕ್ಸ್ ಸುಮಾರು 113, ಡಿಟಿ 770 ಸುಮಾರು 107 ಆಗುತ್ತೆ, ಹಾಗಾಗಿ ಅದು ಇವೆರಡರ ನಡುವೆ ಬರುತ್ತೆ.

ಜೋರಾಗಿ ಕೇಳಿದ್ದು ಕಿವಿಗೆ ಯಾಕೆ ಚೆಂದ ಅನ್ನಿಸುತ್ತೆ ಅನ್ನುವುದಕ್ಕೂ ಕಾರಣ ಇದೆ. ಸದ್ದು ಸಣ್ಣದಾದಷ್ಟೂ ತಗ್ಗಿನ ಸ್ವರಗಳು ನಮ್ಮ ಕಿವಿಗೆ ಬೇಗ ಮಾಯವಾಗುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹಾಗಾಗಿ ತುಸು ಜೋರಿರುವ ಹೆಡ್‌ಫೋನ್‌ನಲ್ಲಿ ಬೇಸ್ ತುಂಬಿಕೊಂಡಂತೆ ಕೇಳುತ್ತೆ, ವಿವರವೂ ಜಾಸ್ತಿ ಇದ್ದಂತೆ ಕೇಳುತ್ತೆ.

ಅದಕ್ಕೇ ನಾನು ಮೊದಲು ಹಚ್ಚಿದ್ದು ಸಂಗೀತ ಅಲ್ಲ, ಮಾತು. ಹಿನ್ನೆಲೆ ಸಂಗೀತ ಇಲ್ಲದ ಒಂದು ಗಂಡು ದನಿಯ ಓದು. ಎದುರು ಕುರ್ಚಿಯಲ್ಲಿ ಕೂತು ಮಾತಾಡಿದಷ್ಟು ಸದ್ದಿಗೆ ಒಂದೊಂದನ್ನೂ ತಂದು, ಲ್ಯಾಪ್‌ಟಾಪಿನ ವಾಲ್ಯೂಮ್ ಅಂಕಿ ಬರೆದುಕೊಂಡೆ. ಆಮೇಲೆ ಹೆಡ್‌ಫೋನ್ ಬದಲಾದಾಗೆಲ್ಲ ಅಂಕಿಯೂ ಬದಲು. ಕಿವಿಯ ಅಂದಾಜು ಅರ್ಧ ಡೆಸಿಬೆಲ್‌ನಷ್ಟು ಕರಾರುವಾಕ್ಕಾಗಿ ಇರಲ್ಲ, ನಿಜ. ಆದರೆ 6 ಡೆಸಿಬೆಲ್ ತಪ್ಪಿಗಿಂತ ಎಷ್ಟೋ ವಾಸಿ. ಇಷ್ಟು ಮಾಡಿದ ಮೇಲೆ ಡಿಟಿ 770ರ ಸಪ್ಪೆತನ ಹೋಗಿಯೇ ಬಿಟ್ಟಿತು.

ನಂತರ ಮೃದಂಗ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಎಡಗಡೆ ಮೆತ್ತಿದ ರವೆಯಿಂದ ಬರುವ ತಗ್ಗು ನಾದ, ಬಲಗಡೆಯ ಕರಣೆಯಿಂದ (ಕಪ್ಪು ಲೇಪದಿಂದ) ಬರುವ ಸ್ವರಬದ್ಧ ನಾದ, ಎರಡೂ ಒಂದೇ ವಾದ್ಯದಲ್ಲಿ. ಸಾಮಾನ್ಯ ಚರ್ಮವಾದ್ಯದ ಮೇಲುಸ್ವರಗಳು, ಅಂದರೆ ಮೂಲ ಸ್ವರದ ಜೊತೆ ಏಳುವ ಎತ್ತರದ ಸ್ವರಗಳು, ಒಂದಕ್ಕೊಂದು ಹೊಂದುವುದಿಲ್ಲ, ಮೃದಂಗದ ಬಲಮುಖದಲ್ಲಿ ಹೊಂದುತ್ತವೆ. ಸಿ. ವಿ. ರಾಮನ್ ಇದನ್ನು 1920ರಲ್ಲೇ ಬರೆದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು. ಹೆಡ್‌ಫೋನ್ ಎಲ್ಲೋ ಒಂದು ಕಡೆ ಉಬ್ಬಿಸಿದರೆ ಅಥವಾ ತಗ್ಗಿಸಿದರೆ ಈ ಹೊಂದಿಕೆ ಕೆಡುತ್ತೆ, ಕೇಳಿ ಪಳಗಿದ ಕಿವಿಗೆ ತಕ್ಷಣ ತಿಳಿಯುತ್ತೆ. ಎಂ50ಎಕ್ಸ್‌ನಲ್ಲಿ ಗುಮ್ಕಿ (ಎಡಮುಖದ ತಗ್ಗಿನ ಪೆಟ್ಟು) ಹೊಡೆದಾಗೆಲ್ಲ ಎಡಮುಖ ಊದಿಕೊಂಡು ಹಾಡುವವರ ಮೇಲೆ ಬಂದು ಕೂರುತ್ತಿತ್ತು. ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಕಚೇರಿಯಲ್ಲಿ ಯಾವ ಮೃದಂಗವೂ ಹಾಗೆ ಕೇಳಲ್ಲ. ಡಿಟಿ 770ರಲ್ಲಿ ಗುಮ್ಕಿ ಇನ್ನೂ ಆಳಕ್ಕೆ ಇಳಿಯಿತು. ಅದರ ತೊಂದರೆ ಇನ್ನೊಂದು ತುದಿಯಲ್ಲಿ. ಓದಿನ ದನಿಯಲ್ಲಿ ಸ, ಶ ಬಂದಾಗೆಲ್ಲ ಚುರುಕ್ ಅನ್ನುತ್ತಿತ್ತು. ಯಕ್ಷಗಾನದ ಚಂಡೆ ಹಾಕಿದೆ ನೋಡಿ, ತಕ್ಷಣ ತೆಗೆದಿಟ್ಟೆ.

ತಂಬೂರಿಯನ್ನೂ ಬಿಡಬೇಡಿ. ಹಾಡಿನ ಹಿಂದೆ ನಾಲ್ಕು ತಂತಿಯೂ ಬೇರೆ ಬೇರೆಯಾಗಿ ಕೇಳುತ್ತವೋ, ಅಥವಾ ಸುಮ್ನೆ ಒಂದು ಗುಂಯ್ ಅನ್ನುವ ಸದ್ದಾಗಿ ಕಲಸಿಹೋಗುತ್ತೋ? ಸೆನ್‌ಹೈಸರ್ ಗೆದ್ದದ್ದು ಇಲ್ಲಿ. ತಂಬೂರಿ ಹಿಂದೆ ತನ್ನ ಪಾಡಿಗೆ ತಾನಿತ್ತು, ಪಿಟೀಲು ಪಕ್ಕದಲ್ಲಿ, ದನಿ ತಲೆಯೊಳಗಿಂದ ಸ್ವಲ್ಪ ಹೊರಗೆ. ಬೇಸ್‌ನ ಗುದ್ದು ಮಾತ್ರ ಉಳಿದೆರಡರಷ್ಟಿಲ್ಲ.

ಹೋಲಿಸುವಾಗ ಒಂದೊಂದು ತುಣುಕನ್ನೂ ಅರ್ಧ ನಿಮಿಷಕ್ಕಿಂತ ಜಾಸ್ತಿ ಹಾಕಲಿಲ್ಲ. ಸದ್ದಿನ ಸೂಕ್ಷ್ಮ ನೆನಪು ಬಹಳ ಬೇಗ ಅಳಿಸುತ್ತೆ. ಪೂರ್ತಿ ಹಾಡು ಕೇಳಿ ಇನ್ನೊಂದಕ್ಕೆ ಹೋದರೆ ನೆನಪಲ್ಲಿ ಉಳಿಯೋದು ಹಾಡು ಮಾತ್ರ. ಕಣ್ಣುಮುಚ್ಚಿ ಕೇಳಿದರೂ ಯಾವ ಹೆಡ್‌ಫೋನ್ ಅನ್ನೋದು ತೂಕದಲ್ಲಿ, ಪ್ಯಾಡಿನ ಸ್ಪರ್ಶದಲ್ಲಿ ಗೊತ್ತಾಗಿಬಿಡುತ್ತೆ. ಆಡಿಯೋ ಸಾಧನ ಮಾಡುವ ಹರ್ಮನ್ ಕಂಪನಿಯ ಶಾನ್ ಆಲಿವ್ ತಂಡ ಇದಕ್ಕೊಂದು ಉಪಾಯ ಮಾಡಿತ್ತು: ಒಂದೇ ಹೆಡ್‌ಫೋನ್ ಹಾಕಿಸಿ, ಅದರಲ್ಲೇ ಬೇರೆ ಬೇರೆಯವುಗಳ ದನಿಯನ್ನು ಅನುಕರಿಸಿ ಕೇಳಿಸುವುದು. ಅಂಗಡಿಯಲ್ಲಿ ಅದೆಲ್ಲ ಆಗದ ಮಾತು. ಬೆಲೆಯ ಚೀಟಿ ನೋಡದೆ ಕೇಳೋದಷ್ಟೇ ನಮ್ಮ ಕೈಲಾಗೋದು.

ಕನ್ನಡಕ ಹಾಕುವವರಿಗೆ ಒಂದು ಮಾತು. ಕ್ಲೋಸ್ಡ್ ಬ್ಯಾಕ್‌ನಲ್ಲಿ ಪ್ಯಾಡ್ ತಲೆಗೆ ಸರಿಯಾಗಿ ಕೂತರೇ ಬೇಸ್. ಕನ್ನಡಕದ ಕಡ್ಡಿಯಿಂದ ಚಿಕ್ಕ ಸಂದಿ ಬಿದ್ದರೂ ಅದು ಸೋರಿಹೋಗುತ್ತೆ. ತೆಗೆದು ಒಮ್ಮೆ, ಹಾಕಿ ಒಮ್ಮೆ ಕೇಳಿ. ನನ್ನ ದಪ್ಪ ಫ್ರೇಮಿಗೆ ಎಂ50ಎಕ್ಸ್‌ನಲ್ಲಿ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಯಿತು, ಡಿಟಿ 770ರ ಮೆತ್ತನೆಯ ವೆಲ್ವೆಟ್ ಥರದ ಪ್ಯಾಡಿನಲ್ಲಿ ಅಷ್ಟಿಲ್ಲ.

ಕೊನೆಗೆ ಎಚ್‌ಡಿ 560ಎಸ್ ಹಾಕಿಕೊಂಡು ಒಂದು ತೋಡಿ ಆಲಾಪನೆ ಪೂರ್ತಿ ಕೇಳಿದೆ. ಕಿವಿ ಬಿಸಿಯಾಗಲಿಲ್ಲ, ವಾಲ್ಯೂಮ್ ಮುಟ್ಟಬೇಕು ಅನ್ನಿಸಲೂ ಇಲ್ಲ. ಬಸ್ಸಿಗೋ ಆಫೀಸಿಗೋ ಆಗಿದ್ದರೆ ನಾನು ಎಂ50ಎಕ್ಸ್ ತಗೊಳ್ಳುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಓಪನ್ ಬ್ಯಾಕ್ ಅಲ್ಲಿಗೆ ಆಗಲ್ಲ. ಜೊತೆಗೆ ಬಂದಿದ್ದ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿ, ಹೊರಗೆ ಎಷ್ಟು ಕೇಳುತ್ತೆ ಅಂತ ವಿಚಾರಿಸಿದೆ.

'ಕೂತಲ್ಲೇ ತಾಳ ಹಾಕಬಹುದು ರೀ' ಅಂದಳು. 'ತಗೊಳ್ಳಿ, ಆದರೆ ಹಾಲ್‌ನಲ್ಲಿ ಕೂತು ಕೇಳಿ.'

ಹಾಗೇ ಆಯಿತು. ಅದರ ಜೊತೆ ಬರುವ ವೈರ್ 3 ಮೀಟರ್ ಇದೆ, ಸೋಫಾದಿಂದ ಟೇಬಲ್‌ವರೆಗೆ ಆರಾಮಾಗಿ ಸಾಕು. ಪಿನ್ ಮಾತ್ರ 6.3 ಮಿಲಿಮೀಟರಿನ ದಪ್ಪ ಪಿನ್. 3.5ರ ಅಡಾಪ್ಟರ್ ಡಬ್ಬಿಯಲ್ಲೇ ಇರುತ್ತೆ, ಡಬ್ಬಿ ಎಸೆಯುವ ಮುಂಚೆ ತೆಗೆದಿಟ್ಟುಕೊಳ್ಳಿ.