ಕೆರೆ ಏರಿ ಜಿನುಗಿದರೆ ಮಣ್ಣು ಸುರಿಯಬೇಡಿ

ಪಕ್ಕದ ಊರಿನ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಬಿದ್ದಿತ್ತು. ಪೂಜೆ, ಬಾಗಿನ ಎಲ್ಲ ಆಯಿತು. ನಾಲ್ಕನೇ ದಿನ ಏರಿಯ ಹಿಂಬದಿ, ಗದ್ದೆ ಕಡೆಯ ಬುಡದಲ್ಲಿ ನೀರು ಜಿನುಗತೊಡಗಿತು. ಊರವರು ಎರಡು ಟ್ರ್ಯಾಕ್ಟರ್ ಜೇಡಿಮಣ್ಣು ತಂದು ಸುರಿದು, ಜೆಸಿಬಿ ಬಕೆಟ್ಟಿನಿಂದ ಬಡಿದು ಮುಚ್ಚಿದರು. ಬೆಳಗಾಗುವ ಹೊತ್ತಿಗೆ ಹತ್ತು ಹೆಜ್ಜೆ ಆಚೆ ಹೊಸ ಊಟೆ ಎದ್ದಿತ್ತು. ನೀರು ಚಹಾ ಬಣ್ಣಕ್ಕೆ ತಿರುಗಿತ್ತು. ಕೆರೆ ನೀರು ಹೊರಬಿಡುವ ತೂಬು ಎತ್ತಿ, ರಾತ್ರಿಯೆಲ್ಲ ಕಾದು, ಹೇಗೋ ಏರಿ ಉಳಿಯಿತು. ಅದಾದ ಮೇಲೂ ಇದೇ ತಪ್ಪನ್ನು ಇನ್ನೆರಡು ಕಡೆ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇರುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವಕ್ಕೆ. ಹಳ್ಳಿ ಕೆರೆಯ ಏರಿ ಸಾಮಾನ್ಯವಾಗಿ ಅಷ್ಟು ಎತ್ತರ ಇರುವುದಿಲ್ಲ, ಹಾಗಾಗಿ ಆ ಕಾಯ್ದೆಯಡಿ ಬರುವುದಿಲ್ಲ. ಹಿಂದೆ ಕೆರೆ ನೀರು ನೋಡಿಕೊಳ್ಳುವ ನೀರುಗಂಟಿ ದಿನಾ ಏರಿ ಮೇಲೆ ಓಡಾಡುತ್ತಿದ್ದ. ಈಗ ಎಷ್ಟೋ ಊರಲ್ಲಿ ಅವನೂ ಇಲ್ಲ. ನೋಡಬೇಕಾದವರು ನಾವೇ.

ಹಂತ 1: ಬೇಸಿಗೆಯಲ್ಲಿ ಏರಿ ಸವರಿ

ಬಳ್ಳಾರಿ ಜಾಲಿ ಹೆಬ್ಬೆರಳು ಗಾತ್ರ ಇದ್ದಾಗಲೇ ಬೇರು ಸಮೇತ ಕೀಳಿಸಿ. ದೊಡ್ಡ ಮರ ಇದ್ದರೆ ಕೆರೆ ತುಂಬಿರುವಾಗ ಮುಟ್ಟಬೇಡಿ. ಬರೀ ಕಡಿದು ಬಿಟ್ಟರೂ ಆಗುವುದಿಲ್ಲ, ಬೇರು ಕೊಳೆತ ಜಾಗವೇ ನೀರಿಗೆ ದಾರಿ. ಕೆರೆ ಒಣಗಿದಾಗ ಬುಡ ಅಗೆದು ತೆಗೆದು, ಅರ್ಧ ಅಡಿಗೊಮ್ಮೆ ಹದವಾದ ಮಣ್ಣು ಹಾಕಿ ದಿಮ್ಮಿಸಬೇಕು. ಕಳೆನಾಶಕ ಮಾತ್ರ ಬೇಡವೇ ಬೇಡ. ಅದು ಗರಿಕೆಯನ್ನೂ ಸಾಯಿಸುತ್ತದೆ. ಗರಿಕೆಯಷ್ಟು ಚೆನ್ನಾಗಿ ಏರಿಯನ್ನು ಹಿಡಿಯುವ ಹುಲ್ಲು ನನ್ನ ಕಣ್ಣಿಗೆ ಬಿದ್ದಿಲ್ಲ.

ಹಂತ 2: ಬಿಲ ಮುಚ್ಚಿ

ಹೆಗ್ಗಣ, ಏಡಿ, ಗೆದ್ದಲು ಯಾವುದರ ಬಿಲವೇ ಆಗಲಿ, ಕೊನೆ ಸಿಗುವವರೆಗೆ ಬಗೆದು ಜೇಡಿಮಣ್ಣು ಬಡಿದು ತುಂಬಿ. ಸಿಮೆಂಟ್ ಸುರಿಯುವುದು ಸುಲಭ, ಆದರೆ ಸಿಮೆಂಟಿಗೂ ಮಣ್ಣಿಗೂ ಬೆಸುಗೆ ಕೂರುವುದಿಲ್ಲ. ಅದರ ಪಕ್ಕದಲ್ಲೇ ನೀರು ನುಸುಳುತ್ತದೆ.

ಹಂತ 3: ಕೋಡಿ ಖಾಲಿ ಇರಲಿ

ಜಾಸ್ತಿ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಚೀಲ ಪೇರಿಸುವುದು, ಮೀನು ಹೋಗದಿರಲಿ ಅಂತ ಬಲೆ ಕಟ್ಟುವುದು, ಎರಡೂ ನಿಲ್ಲಬೇಕು. ಮಣ್ಣಿನ ಏರಿ ಮೇಲೆ ನೀರು ಹತ್ತಿ ಹರಿದರೆ ಕೆಲವೇ ಗಂಟೆಗಳಲ್ಲಿ ಕೊಚ್ಚಿ ಹೋಗಬಹುದು.

ಹಂತ 4: ಜಿನುಗು ನೋಡುವುದು, ಹಿಡಿಯುವುದು

ಎಲ್ಲರೂ ಎಡವುವುದು ಇಲ್ಲೇ. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ, ಗಾಬರಿ ಬೇಡ. ನೀರು ಮಣ್ಣನ್ನು ಹೊತ್ತು ತರುತ್ತಿದೆಯಾ ಅಂತ ನೋಡಿ. ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಕೆನೆಯಷ್ಟು ತೆಳ್ಳಗೆ ಮಣ್ಣು ಕೂತರೂ ಏರಿ ಒಳಗೆ ಕೊರೆತ ಶುರುವಾಗಿದೆ ಅಂತಲೇ ತಿಳಿಯಿರಿ. ನೀರು ತಿಳಿಯಾಗಿದ್ದರೆ ಒಂದು ಸಣ್ಣ ಚರಂಡಿ ತೋಡಿ, ಪೈಪಿಗೆ ತಿರುಗಿಸಿ. ಒಂದು ಕೊಡ ತುಂಬಲು ಎಷ್ಟು ನಿಮಿಷ ಅಂತ ದಿನಾ ಬರೆದಿಡಿ. ಕೆರೆ ಮಟ್ಟ ಏರದೆಯೂ ಕೊಡ ಬೇಗ ತುಂಬತೊಡಗಿದರೆ ಅದೂ ಅಪಾಯವೇ.

ಮಣ್ಣು ಬರುತ್ತಿದ್ದರೆ ನೀರನ್ನು ಕಟ್ಟಬೇಡಿ. ಹಿಂಬದಿಯಲ್ಲಿ ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ, ಇನ್ನೊಂದು ಕಡೆ ಒಡೆದು ಬರುತ್ತದೆ. ನೀರು ಬರಲಿ, ಮಣ್ಣು ಮಾತ್ರ ಬರಬಾರದು. ಅದಕ್ಕೆ ಸೋಸುವ ಹಾಸು ಬೇಕು. ಒದ್ದೆ ಜಾಗಕ್ಕಿಂತ ಸುತ್ತಲೂ ಮೂರಡಿ ಹೆಚ್ಚಿಗೆ, ಒಂದಡಿ ದಪ್ಪ ಒರಟು ಮರಳು ಹರಡಿ. ಅದರ ಮೇಲೆ ಅರ್ಧ ಅಡಿ ಸಣ್ಣ ಜಲ್ಲಿ, ಆಮೇಲೆ ಅರ್ಧ ಅಡಿ ದಪ್ಪ ಜಲ್ಲಿ, ಕೊನೆಗೆ ಭಾರಕ್ಕೆ ಸೈಜುಗಲ್ಲು. ಈ ಕ್ರಮ ತಪ್ಪಬಾರದು. ನೇರ ಕಲ್ಲು ಹಾಕಿದರೆ ಸಂದಿಯಲ್ಲಿ ಮಣ್ಣು ಸರಾಗವಾಗಿ ಹೋಗುತ್ತದೆ. ಎಂ ಸ್ಯಾಂಡ್ ಆದರೆ ತೊಳೆದದ್ದೇ ಬೇಕು. ಅಗ್ಗಕ್ಕೆ ಸಿಗುವ ಕ್ರಷರ್ ಪುಡಿ ಒಂದೆರಡು ದಿನದಲ್ಲಿ ಗಟ್ಟಿ ಕಟ್ಟಿ, ನೀವು ಜೇಡಿಮಣ್ಣು ಸುರಿದ ಹಾಗೇ ಆಗುತ್ತದೆ.

ನೀರು ಕುದಿಯುವ ಹಾಗೆ ಬುಗ್ಗೆ ಎದ್ದು, ಸುತ್ತ ಮರಳು ಇರುವೆ ಗೂಡಿನಂತೆ ಗುಪ್ಪೆಯಾಗಿದ್ದರೆ ಮರಳು ಚೀಲಗಳಿಂದ ಬಾವಿಕಟ್ಟೆಯಂತೆ ಬಳೆ ಕಟ್ಟಿ. ಚೀಲವನ್ನು ಮುಕ್ಕಾಲು ಮಾತ್ರ ತುಂಬಿ, ಆಗಲೇ ಒಂದರ ಮೇಲೊಂದು ಚೆನ್ನಾಗಿ ಕೂರುತ್ತವೆ. ಒಳಗೆ ನೀರು ಏರಿದಷ್ಟೂ ಬುಗ್ಗೆಯ ರಭಸ ಇಳಿಯುತ್ತದೆ. ನೀರು ತಿಳಿಯಾದ ಎತ್ತರಕ್ಕೆ ನಿಲ್ಲಿಸಿ, ಒಂದು ಕಡೆ ಹರಿದುಹೋಗಲು ಬಾಯಿ ಬಿಡಿ. ಪೂರ್ತಿ ನಿಲ್ಲಿಸುವ ಹಟ ಬೇಡ. ಹಳೇ ಗೊಬ್ಬರದ ಚೀಲ ಬಿಸಿಲಿಗೆ ಪುಡಿಯಾಗಿ ಹರಿಯುತ್ತವೆ, ನಾನಂತೂ ಹೊಸ ಚೀಲವನ್ನೇ ಮಳೆಗಾಲಕ್ಕೆ ಮುಂಚೆ ತಂದಿಡಿ ಅನ್ನುತ್ತೇನೆ.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಸುಮಾರು 20 ಜನರ ಜೀವ ಹೋಯಿತು. ಸೋರುತ್ತಿದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ಆದ್ದರಿಂದ ಫೋನ್ ಮಾಡಿ ಸುಮ್ನೆ ಕೂರಬೇಡಿ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ (ನೀರುಣ್ಣುವ ಜಮೀನಿನ) ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕದಾದರೆ ಪಂಚಾಯಿತಿಗೆ ಫೋಟೊ ಸಮೇತ ಬರೆದುಕೊಡಿ. ಅವತ್ತೇ ಏರಿ ಕೆಳಗಿನ ಮನೆಗಳಿಗೂ ಹೇಳಿ.

ಹಂತ 5: ತೂಬು ಎತ್ತಿ, ನಿಧಾನಕ್ಕೆ

ಏರಿ ಒಡೆಯುವ ಭಯ ಕಣ್ಣೆದುರು ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸಬೇಡಿ. ನೀರು ಸರ್ರನೆ ಇಳಿದರೆ ಏರಿಯ ನೆನೆದ ಒಳಮೈ, ಅಂದರೆ ಕೆರೆ ಕಡೆಯ ಇಳಿಜಾರು, ಜಾರುತ್ತದೆ.

ನೀರು ಇಳಿಯುವ ಮುಂಚೆಯೇ ಜಿನುಗಿದ ಜಾಗದಲ್ಲಿ ಒಂದು ಕಲ್ಲು ನೆಟ್ಟು ಬಣ್ಣ ಬಳಿಯಿರಿ. ರಿಪೇರಿಗೆ ಜನ ಬರುವುದು ಬೇಸಿಗೆಯಲ್ಲಿ, ಆಗ ಒಣಗಿದ ಏರಿಯಲ್ಲಿ ಆ ಜಾಗ ಯಾರಿಗೂ ಕಾಣುವುದಿಲ್ಲ.